ಉಪ್ಪು ಯಾರದು?

"ತಮ್ಮಾ, ಪುರಸಭಾಕ್ಕ ನಾಮಿನೇಟ್ ಮಾಡ್ಯಾರಲ್ಲ, ಆ ಐದು ಮಂದಿ ಲಿಸ್ಟ್ ನೋಡಿದ್ಯಾ? ಐದಕ್ಕ ಐದೂ ಒಂದೇ ಪಾರ್ಟಿಯವ್ರು."

ಕಂಪೌಂಡಿನ ಆಚೆಯಿಂದ ಕಾಕಾ ಕೇಳಿದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ನಮ್ಮ ಕಡೆ ಎಲ್ಲಿ ಹೋದರೂ ಮನೆಯ ಬೇಲಿ ಎಂದರೆ ಸಾಮಾನ್ಯವಾಗಿ ಎದೆಮಟ್ಟದ ಫರ್ಸಿ ಕಲ್ಲು ನೆಲದಲ್ಲಿ ಸಾಲಾಗಿ ನೆಟ್ಟದ್ದು. ಆಚೆ ಅವರು, ಈಚೆ ನಾನು. ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಕಾಕಾ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಓದಿದ್ದರ ಮೇಲೆ ಮಾತಾಡಲು ಒಬ್ಬರು ಬೇಕು.

"ನೋಡಿದೀನ್ರಿ ಕಾಕಾ. ಸರ್ಕಾರ ಯಾರದೇ ಇರಲಿ, ಆ ಲಿಸ್ಟ್ ಹಂಗೇ ಬರ್ತದಲ್ಲ."

"ಬರ್ತದ. ಮತ್ತ ಅವರು ಸಭಾದಾಗ ಕುಂತು ಸರ್ಕಾರದ ತಪ್ಪು ಹ್ಯಾಂಗ ಹೇಳ್ತಾರ? ಉಪ್ಪುಂಡ ಮನಿಗಿ ಎರಡು ಬಗೀಬಾರದು ಅಂತ ನಮ್ಮ ಹಿರೇರೇ ಹೇಳ್ಯಾರ. ಕೂಡಿಸಿದವ್ರಿಗಿ ತಿರುಗಿ ಬಿದ್ರ ಅದು ನಮಕ್ ಹರಾಮಿ ಅಲ್ಲೇನು?"

ಕಾಕಾ ಹೇಳಿದ್ದನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ಋಣ ನೆನೆಯುವುದು ಒಳ್ಳೆಯ ಗುಣ, ನಮ್ಮ ಭಾಗದ ಬದುಕು ಅದರ ಮೇಲೆಯೇ ನಿಂತಿದೆ. ಆದರೆ ಇಲ್ಲಿ ಉಪ್ಪು ಯಾರದು ಎಂದು ಮೊದಲು ಕೇಳಬೇಕು. ವಿಧಾನ ಪರಿಷತ್ತನ್ನೇ ನೋಡಿ, ಅಲ್ಲಿನ ನಾಮನಿರ್ದೇಶಿತ ಸದಸ್ಯರ ಸಂಬಳ, ಭತ್ಯೆ ರಾಜ್ಯದ ಖಜಾನೆಯಿಂದ ಹೋಗುತ್ತವೆ. ಪಕ್ಷದ ಆಫೀಸಿನಿಂದ ಅಲ್ಲ. ಆ ಖಜಾನೆಗೆ ದುಡ್ಡು ಹಾಕಿದವರಲ್ಲಿ ಕಾಕಾನೂ ಇದ್ದಾರೆ, ಶಹಾಬಾದಿನ ಖಣಿಯಲ್ಲಿ ಕಲ್ಲು ಒಡೆಯುವವನೂ ಇದ್ದಾನೆ, ಚಿಂಚೋಳಿಯಲ್ಲಿ ತೊಗರಿ ಬೆಳೆಯುವವನೂ ಇದ್ದಾನೆ. ಉಪ್ಪು ಅವರದು. ಎರಡು ಬಗೆಯಬಾರದು ಎಂದರೆ ಅವರಿಗೆ ಬಗೆಯಬಾರದು. ಹೆಸರು ಬರೆದು ಕಳಿಸಿದ ಮಂತ್ರಿ ಕೊಟ್ಟದ್ದು ಕುರ್ಚಿ ಮಾತ್ರ.

"ಮಾತು ಚಲೋ ಅದ," ಎಂದರು ಕಾಕಾ, "ಆದ್ರ ಕುರ್ಚಿ ಕೊಟ್ಟವ್ನೇ ಕಸಗೊಳ್ಳಬಹುದು ಅಂದ್ರ?"

ಅವರು ಗಂಟಿನ ಜಾಗಕ್ಕೇ ಕೈ ಹಾಕಿದ್ದರು. ಪುರಸಭೆಯಲ್ಲಿ ಇರುವುದು ಅದೇ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಚಿತ್ತಾಪುರ, ವಾಡಿ, ಚಿಂಚೋಳಿಯಂಥ ಪುರಸಭೆಗೆ, ಶಹಾಬಾದಿನಂಥ ನಗರಸಭೆಗೆ ಸರ್ಕಾರ ಐವರವರೆಗೆ ಸದಸ್ಯರನ್ನು ನಾಮನಿರ್ದೇಶನ ಮಾಡಬಹುದು. ಅವರು ಅದೇ ಊರಿನವರಾಗಿರಬೇಕು. ಪುರಸಭೆಯ ಆಡಳಿತ, ಆರೋಗ್ಯ, ನಗರ ಯೋಜನೆ, ಶಿಕ್ಷಣ ಇವುಗಳಲ್ಲಿ ತಿಳಿವಳಿಕೆ, ಅನುಭವ ಇರಬೇಕು; ಇಲ್ಲವೇ ಸಮಾಜ ಸೇವಕರಾಗಿರಬೇಕು. ಈ ಕೊನೆಯ ಮಾತಿನ ಬಾಗಿಲು ಎಷ್ಟು ಅಗಲ ಇದೆ ಎಂದರೆ ಚುನಾವಣೆಯಲ್ಲಿ ಬ್ಯಾನರ್ ಕಟ್ಟಿದವರೆಲ್ಲ ಅದರಲ್ಲಿ ತೂರಿ ಬರುತ್ತಾರೆ. ಅವರಿಗೆ ಸಭೆಯಲ್ಲಿ ಮಾತಾಡಲು ಬರುತ್ತದೆ, ಮತ ಹಾಕಲು ಬರುವುದಿಲ್ಲ. 74ನೆಯ ತಿದ್ದುಪಡಿಯ ನಂತರ ಸಂವಿಧಾನದ 243ಆರ್ ವಿಧಿಯಲ್ಲೇ ಆ ನಿರ್ಬಂಧ ಸೇರಿದೆ. ಅದಕ್ಕಿಂತ ದೊಡ್ಡ ಸಂಗತಿ, ಅವರು ಸರ್ಕಾರದ ಇಚ್ಛೆ ಇರುವ ತನಕ ಮಾತ್ರ ಸದಸ್ಯರು.

ಒಂದು ಪುರಸಭೆಯ ಕಚೇರಿಯಲ್ಲಿ ಸದಸ್ಯರ ಹೆಸರಿನ ಬೋರ್ಡು ನೋಡಿದ್ದೆ. ಮೇಲೆ ವಾರ್ಡ್ ನಂಬರಿನ ಜೊತೆ ಚುನಾಯಿತರ ಹೆಸರು, ಬಿಳಿ ಪೇಂಟ್ ಬಿಸಿಲಿಗೆ ಹಳದಿಗಟ್ಟಿತ್ತು. ಕೆಳಗಿನ ಐದು ಸಾಲು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಹೊಸ ಹೆಸರಿನ ಅಡಿಯಲ್ಲಿ ಹಳೆಯ ಹೆಸರಿನ ಒತ್ತು, ದೀರ್ಘ ಉಬ್ಬಿಕೊಂಡು ಕಾಣುತ್ತಿದ್ದವು. ಬೆಂಗಳೂರಿನಲ್ಲಿ ಸರ್ಕಾರ ಬದಲಾಗಿತ್ತು, ಇಲ್ಲಿ ಪೇಂಟರ್ ಬಂದು ಹೋಗಿದ್ದ. ವಾರ್ಡಿನಿಂದ ಗೆದ್ದು ಬಂದವರ ಹೆಸರು ಹಾಗೆ ಅಳಿಸಲು ಯಾವ ಸರ್ಕಾರಕ್ಕೂ ಆಗುವುದಿಲ್ಲ.

ಇದು ನ್ಯಾಯವೋ ಎಂದು ಕೋರ್ಟಿನಲ್ಲಿ ಕೇಳಿದವರೂ ಇದ್ದಾರೆ. ಉತ್ತರ ಪ್ರದೇಶದ ಶಹಜಹಾನ್‌ಪುರದ ನಗರಪಾಲಿಕೆಗೆ ನಾಮನಿರ್ದೇಶಿತರಾಗಿದ್ದ ಮಹಿಳಾ ಸದಸ್ಯರನ್ನು ಮುಂದೆ ಬಂದ ಸರ್ಕಾರ ತೆಗೆದುಹಾಕಿತು. 1993ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ಹೇಳಿತು: ಇವರ ಹಿಂದೆ ಜನರ ಮತ ಇಲ್ಲ, ನೇಮಿಸಿದವರ ಇಚ್ಛೆಯ ಮೇಲೆ ಬಂದವರನ್ನು ಅದೇ ಇಚ್ಛೆಯ ಮೇಲೆ ಕಳಿಸಬಹುದು. ಕಾನೂನಿನ ಲೆಕ್ಕದಲ್ಲಿ ಅದು ಸರಿ ಇರಬಹುದು. ಆದರೆ ನಾಳೆ ಬೆಳಿಗ್ಗೆ ಕುರ್ಚಿ ಇರುತ್ತದೋ ಇಲ್ಲವೋ ತಿಳಿಯದವನಿಂದ ಕುಡಿಯುವ ನೀರಿನ ಟೆಂಡರ್ ಬಗ್ಗೆ ನಿಷ್ಠುರ ಮಾತು ಬರಲಿ ಎಂದು ಕಾಯುವುದು ಹೇಗೆ?

"ವೋಟೇ ಇಲ್ಲಲ್ಲ ಅವರಿಗಿ," ಎಂದರು ಕಾಕಾ. "ಮತ್ತ ಏನು ಕೆಡ್ತದ?"

ಕೆಡುವುದು ಮಾತು. ವೋಟಿಲ್ಲದ ಸದಸ್ಯನ ಹತ್ತಿರ ಇರುವುದು ಅದೊಂದೇ. ಸಭೆಯಲ್ಲಿ ಎಲ್ಲರೂ ಕೈ ಎತ್ತುವ ಮುಂಚೆ ಎದ್ದು ನಿಂತು, ಈ ಚರಂಡಿ ಎಲ್ಲಿಗೆ ಹೋಗಿ ಕೂಡುತ್ತದೆ ಎಂದು ಕೇಳಲಿ ಎಂದೇ ಕಾಯ್ದೆಯಲ್ಲಿ ಅವನಿಗೆ ಜಾಗ ಮಾಡಿದ್ದು. ಆ ಮಾತೂ ಪಕ್ಷದ್ದಾದರೆ ಅವನು ಅಲ್ಲಿ ಕೂತು ಪ್ರಯೋಜನ ಏನು? ವೋಟಿನ ನಿರ್ಬಂಧವಾದರೂ ತಾನಾಗಿ ಪಾಲನೆ ಆಗುವುದಿಲ್ಲ. ದೆಹಲಿಯ ಮೇಯರ್ ಚುನಾವಣೆಯಲ್ಲಿ ನಾಮನಿರ್ದೇಶಿತರೂ ಮತ ಹಾಕಬೇಕೆಂಬ ಜಗ್ಗಾಟ ನಡೆದು, 2023ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಆಗದು ಎಂದ ಮೇಲೆಯೇ ಚುನಾವಣೆ ಮುಗಿದದ್ದು.

ಪರಿಷತ್ತಿನ ವಿಷಯ ಬೇರೆ. ಅಲ್ಲಿ 75 ಸದಸ್ಯರಲ್ಲಿ 11 ಮಂದಿ ರಾಜ್ಯಪಾಲರಿಂದ ನೇಮಕವಾದವರು. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜ ಸೇವೆಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇದ್ದವರು ಬರಲಿ ಎಂದು 171ನೆಯ ವಿಧಿ ಹೇಳುತ್ತದೆ. ಹೆಸರು ಕಳಿಸುವುದು ಮಂತ್ರಿಮಂಡಲ, ಸಹಿ ರಾಜ್ಯಪಾಲರದು. ಒಮ್ಮೆ ಪ್ರಮಾಣವಚನ ತೆಗೆದುಕೊಂಡರೆ ಆರು ವರ್ಷ. ಮಧ್ಯದಲ್ಲಿ ಸರ್ಕಾರ ಬಿದ್ದರೂ, ಮುಖ್ಯಮಂತ್ರಿ ಮುನಿದರೂ ಕುರ್ಚಿ ಅಲುಗಾಡುವುದಿಲ್ಲ. ಇವರಿಗೆ ಮತವೂ ಉಂಟು, ಮಾತೂ ಉಂಟು. ಅಂಜುವ ಕಾರಣ ಇಲ್ಲ.

"ಅಂಜಿಕಿ ಇಲ್ಲಂದ್ರ ಆಸೆ ಅದಲ್ಲ ತಮ್ಮಾ!"

ಆ ಮಾತಿಗೆ ನಾನು ಸುಮ್ಮನೆ ತಲೆ ಆಡಿಸಿದೆ. 2020ರ ಜುಲೈನಲ್ಲಿ ಒಂದೇ ಪಟ್ಟಿಯಲ್ಲಿ ಐವರು ಪರಿಷತ್ತಿಗೆ ನಾಮನಿರ್ದೇಶಿತರಾದರು: ಎ.ಎಚ್. ವಿಶ್ವನಾಥ್, ಸಿ.ಪಿ. ಯೋಗೇಶ್ವರ್, ಭಾರತಿ ಶೆಟ್ಟಿ, ಶಾಂತಾರಾಮ ಸಿದ್ದಿ, ತಳವಾರ ಸಾಬಣ್ಣ. ಸಿದ್ದಿ ಸಮುದಾಯದಿಂದ ನಮ್ಮ ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲಿ ಶಾಂತಾರಾಮ ಸಿದ್ದಿ ಮೊದಲಿಗರು. ಚುನಾವಣೆಯ ದಾರಿಯಲ್ಲಿ ಆ ಸಮುದಾಯಕ್ಕೆ ಅಷ್ಟು ವರ್ಷ ಸಿಗದ ಜಾಗ ನಾಮನಿರ್ದೇಶನದಿಂದ ಸಿಕ್ಕಿತು. ಈ ಒಂದು ಕಾರಣಕ್ಕೇ ನಾನು ನಾಮನಿರ್ದೇಶನ ಬೇಡವೇ ಬೇಡ ಎನ್ನುವವರ ಸಾಲಿನಲ್ಲಿ ನಿಲ್ಲುವುದಿಲ್ಲ.

ಅದೇ ಪಟ್ಟಿಯ ಯೋಗೇಶ್ವರ್ ಸಿನಿಮಾ ನಟರೂ ಹೌದು, ಚನ್ನಪಟ್ಟಣದ ಹಳೆಯ ರಾಜಕಾರಣಿಯೂ ಹೌದು. 2018ರಲ್ಲಿ ಅಲ್ಲಿ ಸೋತಿದ್ದರು. 2021ರ ಜನವರಿ 13ರಂದು ಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. 2024ರ ಅಕ್ಟೋಬರಿನಲ್ಲಿ ಪರಿಷತ್ತಿಗೆ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿ ಉಪಚುನಾವಣೆ ಗೆದ್ದರು. ಇದರಲ್ಲಿ ಕಾನೂನು ಮುರಿದದ್ದು ಯಾವುದೂ ಇಲ್ಲ. ನನ್ನ ದುಃಖ ಇರುವುದೇ ಅಲ್ಲಿ. ನಾಮನಿರ್ದೇಶಿತ ಸದಸ್ಯ ಮಂತ್ರಿ ಆಗಬಾರದು ಎಂದು ನಮ್ಮ ಕಾನೂನು ಹೇಳುವುದೇ ಇಲ್ಲ. ಮಂತ್ರಿ ಪದವಿ ಕಣ್ಣೆದುರು ತೂಗುತ್ತಿದ್ದರೆ ಯಾವ ಸದಸ್ಯ ಆಳುವ ಪಕ್ಷದ ಕಡೆ ಸಮದೃಷ್ಟಿಯಿಂದ ನೋಡುತ್ತಾನೆ?

ವಿಶ್ವನಾಥರ ಕಥೆ ಇನ್ನೊಂದು ತಿರುವಿನದು. 2019ರಲ್ಲಿ ಹುಣಸೂರಿನ ಶಾಸಕರಾಗಿ ರಾಜೀನಾಮೆ ಕೊಟ್ಟು, ಅನರ್ಹರಾಗಿ, ಡಿಸೆಂಬರಿನ ಉಪಚುನಾವಣೆಯಲ್ಲಿ ಸೋತು, ಆಮೇಲೆ ನಾಮನಿರ್ದೇಶನದಿಂದ ಪರಿಷತ್ತಿಗೆ ಬಂದರು. ಅವರು ಮಂತ್ರಿ ಆಗುವಂತಿಲ್ಲ ಎಂದು 2020ರ ನವೆಂಬರಿನಲ್ಲಿ ಹೈಕೋರ್ಟ್ ಹೇಳಿತು, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅನರ್ಹಗೊಂಡವರು ಮಂತ್ರಿ ಆಗಬೇಕಾದರೆ ಮತ್ತೆ ಚುನಾಯಿತರಾಗಿಯೇ ಬರಬೇಕು, ನಾಮನಿರ್ದೇಶನ ಸಾಲದು ಎಂಬುದು ಕೋರ್ಟಿನ ಮಾತು. ಅದಾದ ಮೇಲೆ ಅವರು ತಮ್ಮನ್ನು ನೇಮಿಸಿದ ಸರ್ಕಾರವನ್ನೇ ಬಹಿರಂಗವಾಗಿ ಟೀಕಿಸಿದರು, ನೀರಾವರಿ ಕಾಮಗಾರಿಗಳಲ್ಲಿ ಭ್ರಷ್ಟಾಚಾರ ಇದೆ ಎಂದರು. ಕುರ್ಚಿ ಮಾತ್ರ ಅಲುಗಾಡಲಿಲ್ಲ.

"ಅದು ಸಿಟ್ಟಿನ ಮಾತು, ನಿಷ್ಪಕ್ಷಪಾತ ಅಲ್ಲ," ಎಂದರು ಕಾಕಾ.

ಇರಬಹುದು. ಒಬ್ಬರ ಮನಸ್ಸಿನೊಳಗೆ ಏನಿತ್ತು ಎಂದು ನಾವು ಬೇಲಿಗೆ ನಿಂತು ತೀರ್ಮಾನ ಮಾಡುವುದು ಬೇಡ. ನನಗೆ ಮುಖ್ಯವಾಗಿ ಕಂಡದ್ದು ಇಷ್ಟು: ಪುರಸಭೆಯ ನಾಮನಿರ್ದೇಶಿತ ಸದಸ್ಯನೊಬ್ಬ ಅಂಥದೇ ಮಾತಾಡಿದ್ದರೆ ಬೋರ್ಡಿನ ಮೇಲೆ ಅವನ ಹೆಸರು ಎಷ್ಟು ದಿನ ಉಳಿಯುತ್ತಿತ್ತು?

ಕಾಕಾ ಆಗ ತಮ್ಮ ತೊಗರಿಯ ಲೆಕ್ಕ ತೆಗೆದರು. "ಕಲಬುರಗಿ ಮಾರ್ಕೆಟ್‌ನಾಗ ತೊಗರಿ ತೂಗುವವ್ನ ಕೂಲಿ ಖರೀದಿ ಮಾಡುವವ್ನೇ ಕೊಟ್ರ, ಮುಂದಿನ ಸುಗ್ಗಿಗೂ ನಿನ್ನೇ ಕರೀತೀನಿ ಅಂದ್ರ, ಕಾಟಾ ಯಾ ಕಡಿ ವಾಲ್ತದ ಹೇಳು. ಅವ್ನು ಕೆಟ್ಟವ ಅಂತಲ್ಲ. ಮನಿಯಾಗ ಮಕ್ಕಳು ಅದಾವ."

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಇಂದಿನ ಅಂಜಿಕೆಯನ್ನು ಆರು ವರ್ಷದ ಅವಧಿ ತೆಗೆದುಹಾಕಿದೆ, ಮುಂದಿನ ಸುಗ್ಗಿಯ ಆಸೆಯನ್ನು ಯಾರೂ ಮುಟ್ಟಿಲ್ಲ.

ಇದು ಇತ್ತೀಚೆಗೆ ಕೆಟ್ಟದ್ದು ಎಂದು ಕಾಕಾನ ನಂಬಿಕೆ. ಹಿಂದಿನವರು ದೊಡ್ಡವರು, ಈಗಿನವರು ಸಣ್ಣವರು ಎಂದು. ನಾನು ಒಪ್ಪಲಿಲ್ಲ. 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆಯಾದಾಗ ಬಳ್ಳಾರಿ, ದಕ್ಷಿಣ ಕನ್ನಡ, ಕಾಸರಗೋಡು ಎಲ್ಲ ಮದ್ರಾಸ್ ರಾಜ್ಯದಲ್ಲಿದ್ದವು. ಅಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. ಚುನಾವಣೆಗೇ ನಿಲ್ಲದ ರಾಜಾಜಿಯವರನ್ನು ರಾಜ್ಯಪಾಲ ಶ್ರೀಪ್ರಕಾಶರು ಪರಿಷತ್ತಿಗೆ ನಾಮನಿರ್ದೇಶನ ಮಾಡಿದರು, ಏಪ್ರಿಲ್‌ನಲ್ಲಿ ರಾಜಾಜಿ ಮುಖ್ಯಮಂತ್ರಿಯಾದರು. ಸಂವಿಧಾನ ಜಾರಿಯಾಗಿ ಎರಡೇ ವರ್ಷ ಆಗಿತ್ತು. ಅಂದರೆ ವಿದ್ವಾಂಸರಿಗೆ, ಕಲಾವಿದರಿಗೆ ಎಂದು ತೆಗೆದ ಬಾಗಿಲಲ್ಲಿ ರಾಜಕಾರಣ ಮೊದಲ ವರ್ಷವೇ ಒಳಗೆ ಬಂದಿದೆ. ಬಂದವರು ರಾಜಾಜಿಯಂಥ ಘನವಂತರು ಎಂಬುದು ಆ ದಾರಿಯನ್ನು ಸರಿ ಮಾಡುವುದಿಲ್ಲ.

ಅದೇ 1952ರಲ್ಲಿ ಅದೇ ಮದ್ರಾಸಿನ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಗೆ ನಾಮನಿರ್ದೇಶಿತರಾದರು. ನೃತ್ಯ ಕಲಾವಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಬೇಕೆಂದು ತಾವೇ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಎಂದು ನೆಹರೂ ಮಾತು ಕೊಟ್ಟರು, 1960ರಲ್ಲಿ ಆ ಕಾಯ್ದೆ ಬಂತು. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 1986ರಲ್ಲಿ ರಾಜ್ಯಸಭೆಗೆ ಹೋದವರು ಮೊದಲ ಭಾಷಣದಲ್ಲಿ ಮಾತಾಡಿದ್ದು ಶಾಲೆಯ ಮಕ್ಕಳ ಬೆನ್ನ ಮೇಲಿನ ಪುಸ್ತಕದ ಹೊರೆಯ ಬಗ್ಗೆ. ಮುಂದೆ ಯಶಪಾಲ್ ಸಮಿತಿ ಆ ಹೊರೆಯನ್ನೇ ವಿಷಯ ಮಾಡಿಕೊಂಡು ವರದಿ ಕೊಟ್ಟಿತು. ಇವರಿಬ್ಬರೂ ಆಳುವ ಪಕ್ಷದ ವಿರುದ್ಧ ಘೋಷಣೆ ಕೂಗಲಿಲ್ಲ, ಜೈಕಾರವನ್ನೂ ಹಾಕಲಿಲ್ಲ. ಪಕ್ಷದ ಅಜೆಂಡಾದಲ್ಲಿ ಇಲ್ಲದ ಮಾತೊಂದನ್ನು ಸಭೆಗೆ ತಂದರು. ನಿಷ್ಪಕ್ಷಪಾತ ಎಂದರೆ ನನಗೆ ಅದು. ಅಭಿಪ್ರಾಯವೇ ಇಲ್ಲದ ಮನುಷ್ಯನನ್ನು ಹುಡುಕಿ ಕೂರಿಸುವುದಲ್ಲ.

"ಆಯ್ತಪ್ಪ. ಆದ್ರ ಸರ್ಕಾರ ಉಳೀತದೋ ಬೀಳ್ತದೋ ಅನ್ನೋ ಹೊತ್ತಿನಾಗ?"

ಆ ಹೊತ್ತಿನಲ್ಲಿಯೇ ನಿಜ ಹೊರಬೀಳುವುದು. 2018ರ ಮೇ ತಿಂಗಳು ಕಾಕಾಗೂ ನೆನಪಿದೆ. ಬಿಜೆಪಿಗೆ 104 ಸ್ಥಾನ, ಬಹುಮತಕ್ಕೆ ಕೆಲವೇ ಕಡಿಮೆ, ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು. ಆಗ ವಿಧಾನಸಭೆಗೆ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶ ಇತ್ತು. ಮೇ 18ರಂದು ಸುಪ್ರೀಂ ಕೋರ್ಟ್ ಮರುದಿನವೇ ಬಹುಮತ ಸಾಬೀತು ಮಾಡಿ ಎಂದಿತು, ಅಲ್ಲಿಯವರೆಗೆ ಆ ನಾಮನಿರ್ದೇಶನ ಮಾಡಕೂಡದು ಎಂದೂ ಹೇಳಿತು. ಆ ಒಬ್ಬ ಸದಸ್ಯ ಯಾವ ಕಡೆ ಕೈ ಎತ್ತುತ್ತಾನೆ ಎಂಬ ಬಗ್ಗೆ ಕೋರ್ಟಿನಲ್ಲಿದ್ದ ಯಾರಿಗೂ ಅನುಮಾನ ಇರಲಿಲ್ಲ ಎಂದೇ ಇದರ ಅರ್ಥ. 104ನೆಯ ತಿದ್ದುಪಡಿಯ ನಂತರ, 2020ರ ಜನವರಿಯಿಂದ ಆ ಸ್ಥಾನವೇ ಇಲ್ಲ.

ಪುದುಚೇರಿಯಲ್ಲಿ ತಡೆಯುವವರು ಇರಲಿಲ್ಲ. ಅಲ್ಲಿ 30 ಚುನಾಯಿತರು, ಮೂವರು ಕೇಂದ್ರದಿಂದ ನಾಮನಿರ್ದೇಶಿತರು. 2017ರಲ್ಲಿ ನೇಮಕವಾದ ಮೂವರೂ ಬಿಜೆಪಿಯವರು, ಅವರಲ್ಲಿ ಒಬ್ಬರು ಆ ಪಕ್ಷದ ಅಲ್ಲಿನ ಅಧ್ಯಕ್ಷರು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನೇಮಕ ಸಿಂಧು ಎಂದಿತು. ಶಾಸಕರ ರಾಜೀನಾಮೆಗಳಾದ ಮೇಲೆ, 2021ರ ಫೆಬ್ರವರಿ 22ರಂದು ನಾರಾಯಣಸಾಮಿ ಸರ್ಕಾರ ವಿಶ್ವಾಸಮತಕ್ಕೆ ನಿಂತಾಗ ಅವರ ಕಡೆ 12 ಮಂದಿ. ಎದುರಿಗೆ ಚುನಾಯಿತರು 11, ನಾಮನಿರ್ದೇಶಿತರು 3. ಕಾಕಾ ಬೆರಳು ಮಡಚಿ ಎಣಿಸಿದರು, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜನ ಆರಿಸಿದವರನ್ನು ಮಾತ್ರ ಎಣಿಸಿದ್ದರೆ ಲೆಕ್ಕ ಬೇರೆ ಇತ್ತು.

ಸಂವಿಧಾನ ಬರೆದವರಿಗೆ ಈ ಅಳುಕು ಇತ್ತು ಎಂದು ನನಗೆ ಅನಿಸುತ್ತದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಚುನಾಯಿತ ಸದಸ್ಯರಿಗೆ ಮಾತ್ರ ಮತ. ರಾಜ್ಯಸಭೆಯ 12 ನಾಮನಿರ್ದೇಶಿತರಿಗೆ ಇಲ್ಲ. ಅಷ್ಟು ಎಚ್ಚರ ವಹಿಸಿದವರು ವಿಶ್ವಾಸಮತದ ವಿಷಯದಲ್ಲಿ ಏನನ್ನೂ ಬರೆಯದೆ ಬಿಟ್ಟರು. 1985ರಲ್ಲಿ ಪಕ್ಷಾಂತರ ನಿಷೇಧ ಬಂದಾಗಲಂತೂ ನಾಮನಿರ್ದೇಶಿತರಿಗೆ ಆರು ತಿಂಗಳ ಗಡುವು ಕೊಟ್ಟು, ಅಷ್ಟರೊಳಗೆ ಬೇಕಾದ ಪಕ್ಷ ಸೇರಬಹುದು ಎಂದರು. ಆರು ತಿಂಗಳ ನಂತರ ಸೇರಿದರೆ ಅನರ್ಹ. ಪಕ್ಷ ಸೇರಬೇಡಿ ಎನ್ನಬೇಕಾದ ಕಾನೂನು, ಸೇರುವುದಿದ್ದರೆ ಬೇಗ ಸೇರಿ ಎಂದಿತು.

"ಹಂಗಾದ್ರ ಗವರ್ನರ್ ಸಾಹೇಬ್ರೇ ಪರೀಕ್ಷಾ ಮಾಡಿ ಕಳಿಸ್ಲಿ. ಪಾರ್ಟಿ ಮನುಷ್ಯ ಅಂದ್ರ ಫೈಲ್ ವಾಪಸ್."

ಅದನ್ನು ನಮ್ಮ ಗಡಿಯ ಆಚೆಯೇ ಮಾಡಿ ನೋಡಿದ್ದಾರೆ. ಸೇಡಂ, ಚಿಂಚೋಳಿಯವರು ಆಸ್ಪತ್ರೆಗೆ, ಸಂತೆಗೆ ತಾಂಡೂರಿಗೆ, ಹೈದರಾಬಾದಿಗೆ ಹೋಗುವವರು, ಆ ರಾಜ್ಯದ ಸುದ್ದಿ ನಮಗೆ ಹೊಸದಲ್ಲ. 2023ರಲ್ಲಿ ತೆಲಂಗಾಣದ ಬಿಆರ್‌ಎಸ್ ಸರ್ಕಾರ ದಾಸೋಜು ಶ್ರವಣ್, ಕುರ್ರ ಸತ್ಯನಾರಾಯಣ ಅವರ ಹೆಸರು ಕಳಿಸಿತು. ಇವರು ರಾಜಕಾರಣಿಗಳು ಎಂದು ರಾಜ್ಯಪಾಲೆ ತಮಿಳಿಸೈ ಸೌಂದರರಾಜನ್ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿದರು. ಅವರ ಮಾತಿನಲ್ಲಿ ಹುರುಳಿತ್ತು. ಆದರೆ ಅವರೂ ತಮಿಳುನಾಡಿನಲ್ಲಿ ಬಿಜೆಪಿ ಅಧ್ಯಕ್ಷೆ ಆಗಿದ್ದವರು. ಅಷ್ಟರಲ್ಲಿ ಸರ್ಕಾರ ಬದಲಾಗಿ ಕಾಂಗ್ರೆಸ್ ಕಳಿಸಿದ ಕೋದಂಡರಾಮ್, ಅಮೇರ್ ಅಲಿ ಖಾನ್ ಹೆಸರಿಗೆ ಒಪ್ಪಿಗೆ ಸಿಕ್ಕಿತು. 2024ರ ಮಾರ್ಚಿನಲ್ಲಿ ಹೈಕೋರ್ಟ್ ಆ ತಿರಸ್ಕಾರವನ್ನೂ ಈ ನೇಮಕವನ್ನೂ ರದ್ದು ಮಾಡಿತು. ಪರೀಕ್ಷೆ ಮಾಡುವವರನ್ನೂ ಇನ್ನೊಂದು ಸರ್ಕಾರವೇ ನೇಮಿಸಿರುವಾಗ ಕಾಕಾನ ಉಪಾಯ ನಡೆಯುವುದಿಲ್ಲ.

ಕಾಕಾಗೆ ಸ್ವಲ್ಪ ಬೇಸರ ಆಯಿತು. "ಹಂಗ ನೋಡಿದ್ರ ಆರಿಸಿ ಬಂದವ್ರು ಏನು ಸ್ವತಂತ್ರ ಅದಾರೇನು? ನಮ್ಮ ಚಿಂಚೋಳಿ ವೀರೇಂದ್ರ ಪಾಟೀಲರನ್ನೇ ನೋಡು. 1989ರಾಗ ಅಷ್ಟು ಸೀಟ್ ಗೆದ್ದು ಸಿಎಂ ಆದ್ರು. ಮರುವರ್ಷ ಪಾರ್ಟಿ ಹೈಕಮಾಂಡ್‌ನವ್ರು ಏರ್‌ಪೋರ್ಟ್‌ನಾಗ ನಿಂತು ಒಂದು ಮಾತಿಗಿ ತೆಗೆದ್ರು."

ಈ ಮಾತು ನಮ್ಮ ಭಾಗದ ಹಿರಿಯರ ಎದೆಯಲ್ಲಿ ಇನ್ನೂ ಹಸಿಯಾಗಿದೆ. ನಿಜ, ಚುನಾಯಿತರೂ ಪಕ್ಷದ ಹಗ್ಗದಲ್ಲೇ ಇದ್ದಾರೆ, ವಿಪ್ ಬಂದರೆ ಕೈ ಎತ್ತಲೇಬೇಕು. ಆದರೆ ಅವರಿಗೆ ಇನ್ನೊಂದು ಹಗ್ಗವೂ ಇದೆ, ಅದರ ತುದಿ ನಮ್ಮ ಕೈಯಲ್ಲಿದೆ. 2018ರಲ್ಲಿ ಕಾಂಗ್ರೆಸ್ಸಿನಿಂದ ಚಿಂಚೋಳಿಯಲ್ಲಿ ಗೆದ್ದಿದ್ದ ಉಮೇಶ ಜಾಧವ 2019ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ಸರಿಯೋ ತಪ್ಪೋ ಎಂದು ಹೇಳುವ ಅವಕಾಶ ಚಿಂಚೋಳಿಯವರಿಗೆ ಅದೇ ಮೇ ತಿಂಗಳ ಉಪಚುನಾವಣೆಯಲ್ಲಿ ಸಿಕ್ಕಿತು, ಅವರು ಬಿಜೆಪಿಯಿಂದ ನಿಂತ ಉಮೇಶರ ಮಗ ಅವಿನಾಶ ಜಾಧವರನ್ನು ಆರಿಸಿ ತಮ್ಮ ಮಾತು ಹೇಳಿದರು. ನಾಮನಿರ್ದೇಶಿತ ಸದಸ್ಯ ಕೆಟ್ಟರೆ ನಾವು ಯಾವ ಬೂತಿಗೆ ಹೋಗಿ ಹೇಳಬೇಕು? ಅವನಿಗೆ ಇರುವುದು ಒಂದೇ ಹಗ್ಗ. ಆದ್ದರಿಂದಲೇ ಅವನ ಮೇಲೆ ಕಾನೂನಿನ ಕಟ್ಟು ಹೆಚ್ಚು ಬೇಕು.

"ಏನು ಕಟ್ಟು ಹಾಕ್ತಿ ಹೇಳು."

ಹೇಳಿದೆ. ಪುರಸಭೆಯ ಐವರಿಗೂ ಸಭೆಯ ಪೂರ್ತಿ ಅವಧಿ ಕೊಡಬೇಕು, ಸರ್ಕಾರದ ಇಚ್ಛೆ ಎಂಬ ಮಾತು ಕಾಯ್ದೆಯಿಂದ ಹೋಗಬೇಕು. ಯಾವ ಅನುಭವದ ಮೇಲೆ ನೇಮಿಸಿದ್ದು ಎಂದು ಆದೇಶದಲ್ಲೇ ಬರೆಯಬೇಕು. ಬರೀ ಸಮಾಜ ಸೇವಕ ಎಂದರೆ ಸಾಲದು. ಪರಿಷತ್ತಿಗಾಗಲಿ ರಾಜ್ಯಸಭೆಗಾಗಲಿ ಒಬ್ಬರಿಗೆ ಒಂದೇ ಸಲ ನಾಮನಿರ್ದೇಶನ, ಆ ಆರು ವರ್ಷ ಮಂತ್ರಿ ಪದವಿ ಇಲ್ಲ, ನಿಗಮ ಮಂಡಳಿ ಇಲ್ಲ. ವಿಶ್ವಾಸಮತದ ದಿನ ನಾಮನಿರ್ದೇಶಿತರು ಹೊರಗೆ. ಚುನಾವಣೆಯಲ್ಲಿ ಸೋತವರು ಅದೇ ಅವಧಿಯಲ್ಲಿ ಈ ಬಾಗಿಲಿಂದ ಬರಬಾರದು. ಹೀಗೆ ಮಾಡಿದರೆ ಪಟ್ಟಿಗೆ ಮುಗಿಬೀಳುವವರು ತಾವಾಗಿ ಕಡಿಮೆಯಾಗುತ್ತಾರೆ, ಆಗ ವಾಡಿಯ ಸಿಮೆಂಟ್ ಧೂಳಿನಲ್ಲಿ ಕೆಮ್ಮುವ ಮಕ್ಕಳನ್ನು ನೋಡಿಕೊಂಡ ನರ್ಸಮ್ಮನ ಹೆಸರು ಯಾರಿಗಾದರೂ ನೆನಪಾಗಬಹುದು, ಖಣಿ ಕೂಲಿಯವರ ಕಷ್ಟ ಸುಖ ಬಲ್ಲ ಶಹಾಬಾದಿನ ಹಿರಿಯನ ಹೆಸರು ಬರಬಹುದು.

ಕಾಕಾ ಪೇಪರ್ ಮಡಚಿದರು. "ಎಲ್ಲ ಖರೆ. ಆದ್ರ ಒಂದು. ಪೂರಾ ಐದು ವರ್ಷ ಕೊಟ್ಟು, ಬಂದವ್ನು ನಾಲಾಯಕ್ ಇದ್ರ? ತೆಗಿಲಕ್ಕೂ ಬರಲ್ಲ."

"ಇರ್ಲಿ ಬಿಡ್ರಿ ಕಾಕಾ. ಐದು ಮಂದಿಯಾಗ ಇಬ್ಬರು ನಾಲಾಯಕ್ ಆದ್ರೂ ಉಳಿದ ಮೂವರು ಅಂಜದೆ ಮಾತಾಡ್ತಾರಲ್ಲ. ಈಗ ಐವರೂ ಲಾಯಕ್ ಇದ್ರೂ ಸುಮ್ಮ ಕೂಡಬೇಕಾಗ್ಯದ."

"ಮೂವರು ಮಾತಾಡ್ತಾರ ಅಂತ ನಿನಗ ಭರೋಸಾ ಅದೇನು?"

"ಒಬ್ಬ ಮಾತಾಡಿದ್ರೂ ಸಾಕ್ರಿ. ವಾರ್ಡಿನ ನೀರಿನ ಪ್ರಶ್ನೆ ನಡಾವಳಿ ಪುಸ್ತಕದಾಗ ಬರೀತಾರ, ನಾಳೆ ನಾವು ಮಾಹಿತಿ ಹಕ್ಕಿನಾಗ ಅರ್ಜಿ ಹಾಕಿ ಅದನ್ನ ತೆಗಿಲಕ್ಕ ಬರ್ತದ."

"ಅರ್ಜಿ ನೀ ಬರಿ, ನಾ ಸಹಿ ಹಾಕ್ತೀನಿ," ಎಂದರು ಕಾಕಾ.